ಅಪ್ಪನ ತಬಲ, ಮಾವನ ಪೆಟ್ಟಿಗೆ

ಮಾವನ ಪೆಟ್ಟಿಗೆ ಬಂದು ನಮ್ಮಪ್ಪನ ತಬಲ ಬಿಡಿಸಿತು ಎಂದು ಆ ಕಾಲದಲ್ಲಿ ಹೊಳೆನರಸೀಪುರದವರೆಲ್ಲ ಹೇಳುತ್ತಿದ್ದರು. ಸುಳ್ಳು. ಅಪ್ಪನಿಗೆ ಕಿವಿ ಹೋಗಿತ್ತು, ಅಷ್ಟೇ.

ಆಗ ನಾಟಕದ ತಾಲೀಮು ಶುರುವಾದರೆ ಅರಕಲಗೂಡು, ಚನ್ನರಾಯಪಟ್ಟಣದವರೂ ಅಪ್ಪನನ್ನು ತಬಲಕ್ಕೆ ಕರೆಯುತ್ತಿದ್ದರು. ಅವ್ವನ ತಮ್ಮ, ನನ್ನ ಮಾವ, ಪೇಟೆಯಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟಿದ್ದ. ಮೈಸೂರಿನಲ್ಲಿ ಮುಚ್ಚಿದ ಒಂದು ವಾದ್ಯದಂಗಡಿಯಿಂದ ಅವನು ತಾಳ ಹಾಕುವ ಪೆಟ್ಟಿಗೆ ತಂದ. ಒಳಗೆ ಎರಡು ತುದಿ ಅಂಟಿಸಿ ಬಳೆಯಂತೆ ಮಾಡಿದ ಟೇಪು. ಮೋಟಾರು ತಿರುಗಿದರೆ ಅದರಲ್ಲಿ ತುಂಬಿದ ಡ್ರಮ್ಮಿನ ಪೆಟ್ಟು ಸುತ್ತಿ ಸುತ್ತಿ ಬರುತ್ತಿತ್ತು. ಆಮೇಲೆ ಅದೇ ಹುಚ್ಚಾಯಿತು. ಕೆಟ್ಟ ಪೆಟ್ಟಿಗೆಗಳನ್ನೂ ಹುಡುಕಿ ತಂದು, ಒಂದರ ಚಕ್ರ ಇನ್ನೊಂದಕ್ಕೆ ಹಾಕಿ ಓಡಿಸುತ್ತಿದ್ದ. ನಾವು ಹುಡುಗಿಯರು ಅಂಗಡಿ ಮುಂದೆ ಅದರ ಏಟಿಗೆ ಸರಿಯಾಗಿ ಕುಂಟೆಬಿಲ್ಲೆ ಆಡುತ್ತಿದ್ದೆವು. ಬಿಸಿ ಮೋಟಾರಿನ ವಾಸನೆ, ಪಕ್ಕದ ರಾಶಿಯ ಅವರೆಕಾಯಿ ಸೊಗಡು ಎರಡೂ ಲಂಗಕ್ಕೆ ಹತ್ತಿಕೊಳ್ಳುತ್ತಿದ್ದವು.

ಆ ಅವರೆಕಾಯಿ ಕಾಲದಲ್ಲೇ ನಾಟಕದವರು ಅಪ್ಪನನ್ನು ಬಿಟ್ಟು ಪೆಟ್ಟಿಗೆ ಇಟ್ಟುಕೊಂಡರು. ಅವ್ವ ತಮ್ಮನನ್ನು ಹೊಸಿಲು ದಾಟಗೊಡಲಿಲ್ಲ.

"ಭಾವನ್ ಅನ್ನಕ್ಕೇ ಕಲ್ಲಾಕ್ದಲ್ಲೋ! ಈ ಮನೇಲಿ ನಿಂಗೆ ಒಂದ್ ಲೋಟ ನೀರೂ ಇಲ್ಲ, ಓಗ್ಲಾ!"

ಮಾವ ತಲೆ ತಗ್ಗಿಸಿಕೊಂಡು ಹೋದ. ಅಪ್ಪ ಜಗಲಿಯಲ್ಲಿ ಕೂತು ನೋಡಿದ. "ಕರುದ್ರೂ ಓ ಅನ್ನಕ್ಕಿಲ್ಲ, ಅಷ್ಟ್ ಸೊಕ್ಕು" ಎಂದು ಅವ್ವ ಅವನಿಗೂ ಬೈದಳು.

ಒಂದು ಮಧ್ಯಾಹ್ನ ಅಂಗಡಿ ಬಾಗಿಲು ಅರ್ಧ ಹಾಕಿತ್ತು. ಒಳಗೆ ಅಪ್ಪ ತಬಲ ಬಾರಿಸುತ್ತಿದ್ದ, ಮಾವ ಟೇಪಿಗೆ ತುಂಬುತ್ತಿದ್ದ.

"ಭಾವಾ, ಓಡ್ತಾ ಅದೆ ಲಯ!" ಮಾವ ಕಿವಿಯಲ್ಲಿ ಕೂಗಿದ.

"ಕೇಳಲ್ಲ ಕಣ್ಲಾ. ಮಂಡಿ ಮ್ಯಾಲೆ ತಟ್ಟು."

ಮಾವ ಅಪ್ಪನ ಮಂಡಿ ಮೇಲೆ ತಾಳ ತಟ್ಟಿದ. ಅಪ್ಪ ಕಣ್ಣು ಮುಚ್ಚಿ ಅದಕ್ಕೆ ಬಾರಿಸಿದ. ಆಮೇಲೆ ಪೆಟ್ಟಿಗೆ ಮೇಲೆ ಅಂಗೈ ಊರಿ, ತನ್ನ ಏಟು ಅದುರುವುದನ್ನು ನೋಡಿ ತಲೆಯಾಡಿಸಿದ. ಆಗ ಬಾಗಿಲಲ್ಲಿ ಇಣುಕುತ್ತಿದ್ದ ನಾನು ಅಪ್ಪನ ಕಣ್ಣಿಗೆ ಬಿದ್ದೆ.

"ಕೂಸೇ, ನಿಮ್ಮವ್ವಂಗ್ ಬಾಯ್ಬಿಡ್ಬ್ಯಾಡ. ಕೆಪ್ಪ ಅಂದ್ರೆ ಆಡ್ಕಂಡ್ ನಗ್ತಾರೆ. ಪೆಟ್ಗೆ ಬಂದು ತಬಲ ಬುಡುಸ್ತು ಅಂದ್ರೆ ನನ್ ಮರ್ವಾದೆ ಉಳೀತದೆ."

"ಮಾವನ್ ಮರ್ವಾದೆ?"

ಅಪ್ಪನಿಗೆ ಕೇಳಲಿಲ್ಲ. ಮಾವ ನಕ್ಕ. "ಮೈಕ್‌ಸೆಟ್ನೋನ್ಗೆ ಎಂಥದ್ ಮರ್ವಾದೆ ಬುಡು."

ಮೂರು ಪೆಟ್ಟಿಗೆ ಈಗ ಹಾಸನದಲ್ಲಿ ನನ್ನ ಹತ್ತಿರ ಇವೆ. ಹಳೇ ಸಾಮಾನು ಕೂಡಿಡುವವರು ಬಂದು ಕೇಳುತ್ತಾರೆ, ನಾನು ಕೊಡುವುದಿಲ್ಲ. ಒಂದು ಇನ್ನೂ ಓಡುತ್ತದೆ, ಡ್ರಮ್ಮಿನದು. ಅಪ್ಪನ ಕೈ ಇದ್ದ ಟೇಪು ಮಾತ್ರ ಕಂದು ಪುಡಿಯಾಗಿ ಉದುರಿಹೋಯಿತು. ಈಗ ಫೋನು ಒತ್ತಿದರೆ ಬೇಕಾದ ತಾಳ ಬರುತ್ತದೆ, ಬಾರಿಸಿದವರು ಯಾರೆಂದು ತಿಳಿಯುವುದಿಲ್ಲ. ಅಪ್ಪ, ಅವ್ವ, ಮಾವ ಮೂವರೂ ಈಗಿಲ್ಲ. ಒಬ್ಬರಿಗಾಗಿ ಇನ್ನೊಬ್ಬರು ಸುಮ್ಮನೆ ಬೈಸಿಕೊಳ್ಳುವುದನ್ನು ಆಮೇಲೆ ನಾನು ಹೆಚ್ಚು ಕಂಡಿಲ್ಲ.

ಬಾಯಿಬಿಡಬೇಡ ಎಂದಿದ್ದ ಅಪ್ಪ, ನಾನು ಬಿಡಲಿಲ್ಲ. ಅಂಗಡಿಯಲ್ಲಿ ಅವರನ್ನು ಕಂಡ ಮಾರನೇ ಬೆಳಗ್ಗೆ ಅವನು ಒಲೆ ಮುಂದೆ ರೊಟ್ಟಿ ತಿನ್ನುತ್ತಿದ್ದಾಗ ಹಿತ್ತಾಳೆ ತಟ್ಟೆ ಹಿಡಿದು ಬೆನ್ನ ಹಿಂದೆ ನಿಂತೆ. ಸೌಟಿನಿಂದ ಬಲವಾಗಿ ಬಾರಿಸಿದೆ. ಅವ್ವ ಬೆಚ್ಚಿ ಬೈಯಲು ಬಾಯಿ ತೆರೆದಳು. ಅಪ್ಪ ರೊಟ್ಟಿ ಮುರಿದು ಸಾರಿಗೆ ಅದ್ದಿದ. ಇನ್ನೊಮ್ಮೆ ಬಾರಿಸಿದೆ. ಅವ್ವ ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಹೆಂಚಿನ ಮೇಲಿದ್ದ ರೊಟ್ಟಿ ಸೀದುಹೋಯಿತು. ಹೊಸದು ತಟ್ಟಿ, ಬೇಯಿಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು.

"ನಿಮ್ ಮಾವಂಗೆ ಕೊಟ್ಬಾ, ಓಡು."

ಓಡಿದೆ.