ಟೈಲರಮ್ಮ ಹಚ್ಚಿದ ಬೆಂಕಿ

ಊರಿನವರು ಆ ಟೈಲರಮ್ಮನನ್ನು ಬೆನ್ನ ಹಿಂದೆ ‘ಹಟಮಾರಿ’ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಜಮೀನು ಮಾರಲು ಒಪ್ಪದೆ, ಅದರಲ್ಲಿ ಬೆಳೆದಿದ್ದ ಮುಳ್ಳುಪೊದೆಗಳನ್ನೆಲ್ಲ ತಾನೇ ಕಡಿದು, ಬೇಲಿಯಿಂದ ದೂರ ಒಟ್ಟಿ, ಸುತ್ತಲಿನ ಹುಲ್ಲು ಕೆತ್ತಿ ಬರಿ ಮಣ್ಣು ಮಾಡಿದ್ದಳು. ಸುಡುವ ದಿನ ಗಂಡನ ಅಣ್ಣ, ಅವಳ ಭಾವ, ಪೆಟ್ರೋಲ್ ಕ್ಯಾನು ಹಿಡಿದು ಬಂದರು. ಗಾಳಿ ಪಕ್ಕದವರ ಹುಲ್ಲಿನ ಬಣವೆಯತ್ತ ಬೀಸುತ್ತಿತ್ತು.

“ಇವತ್ತು ಬೇಡ ಭಾವ. ಪೆಟ್ರೋಲ್ ಅಂತೂ ಯಾವತ್ತೂ ಬೇಡ.”

“ನಿನ್ನ ಕೇಳ್ಕೊಂಡು ಬೆಂಕಿ ಹಚ್ಚಬೇಕಾ? ಸರಿ ಆ ಕಡೆ,” ಎಂದು ಅವರು ಕಡ್ಡಿಪೆಟ್ಟಿಗೆ ತೆಗೆದರು.

ಅವಳು ಬೆಂಕಿ ಆರಿಸಲೆಂದು ನೀರು ತುಂಬಿಟ್ಟಿದ್ದ ಕೊಡಗಳನ್ನು ಒಂದೊಂದಾಗಿ ಎತ್ತಿ ರಾಶಿಯ ಮೇಲೆ ಸುರಿದಳು. “ಈಗ ಹಚ್ಚಿ, ನೋಡೋಣ,” ಎಂದಳು. ಭಾವ ಮುಖ ಊದಿಸಿಕೊಂಡು ಹೊರಟುಹೋದರು.

ರಾಶಿ ಮತ್ತೆ ಒಣಗಿದ ಮೇಲೆ, ಎಲೆಯೂ ಅಲ್ಲಾಡದ ಒಂದು ಮುಂಜಾನೆ, ಅವಳು ಪಕ್ಕದ ಬರಿ ಮಣ್ಣಿನಲ್ಲಿ ಸಣ್ಣ ಬೆಂಕಿ ಮಾಡಿ ಕೊಂಬೆಗಳನ್ನು ಸ್ವಲ್ಪ ಸ್ವಲ್ಪವಾಗಿ ಎಳೆದು ಹಾಕಿದಳು. ಸಂಜೆ ಬೂದಿಗೆ ನೀರು ಹೊಯ್ದು, ಕೆದಕಿ, ಮತ್ತೆ ಹೊಯ್ದು, ತಣ್ಣಗಾಗಿದೆಯೆಂದು ಕೈಯ ಹಿಂಬದಿ ತಾಗಿಸಿ ಖಾತ್ರಿ ಮಾಡಿಕೊಂಡಳು. ಬೇಲಿಯಾಚೆ ನಿಂತಿದ್ದ ಭಾವ, “ಇಷ್ಟಕ್ಕೆ ಇಡೀ ದಿನ ಬೇಕಾಯ್ತಾ?” ಎಂದರು.

“ಬೇಕಾಯ್ತು. ದಿನ ನಂದು, ಜಮೀನೂ ನಂದು,” ಎಂದು ಅವಳು ಸಲಿಕೆಯನ್ನು ಹೆಗಲಿಗೇರಿಸಿ ಮನೆ ಕಡೆ ನಡೆದಳು.