ಗೀರಿಲ್ಲದ ಪ್ಲೇಟು

ಅಮೆರಿಕದಲ್ಲಿ ಸಂಜೆಯಾಗುವಾಗ ನಮ್ಮ ಬಸವೇಶ್ವರನಗರದಲ್ಲಿ ಹಾಲಿನವನು ಬರುವ ಹೊತ್ತು. ಅಲ್ಲಿಯವರು ಅಟ್ಟದ ಮೇಲಿನ ಹಳೆಯ ರೆಕಾರ್ಡುಗಳನ್ನು ಇಂಟರ್ನೆಟ್ಟಿನಲ್ಲಿ ಹರಾಜಿಗಿಟ್ಟು, ತಮ್ಮ ಸಂಜೆಗೆ ಮುಗಿಯುವ ಹಾಗೆ ಗಡುವು ಹಾಕುತ್ತಿದ್ದರು. ಹೀಗಾಗಿ ಎರಡು ಸಾವಿರದ ಇಸವಿ ದಾಟಿದ ಮೇಲಿನ ನನ್ನ ಎಷ್ಟೋ ಬೆಳಗುಗಳು ಮುಖ ತೊಳೆಯದೆ, ಕಾಫಿ ಕುಡಿಯದೆ ಕಂಪ್ಯೂಟರಿನ ಮುಂದೆ ಕಳೆದುಹೋದವು. ಹರಾಜಿನ ಗುಟ್ಟೆಲ್ಲ ಕೊನೆಯ ಗಳಿಗೆಯಲ್ಲಿದೆ. ಮೊದಲೇ ಬೆಲೆ ಕೂಗಿದರೆ ಬೇರೆಯವರಿಗೆ ಆಸೆ ಹುಟ್ಟುತ್ತದೆ. ಯಾರಿಗೂ ಬೇಡವಾದ ಸಾಮಾನು ಎಂಬಂತೆ ಸುಮ್ಮನಿದ್ದು, ಮುಗಿಯಲು ಉಸಿರೆಳೆಯುವಷ್ಟು ಹೊತ್ತಿದೆ ಎನ್ನುವಾಗ ಬೆಲೆ ಒತ್ತಬೇಕು. ಸರಿಯಾಗಿ ಆಗಲೇ ಹೆಂಡತಿ ಬಚ್ಚಲಿನಿಂದ, "ರೀ, ಹಾಲು ಉಕ್ತಾ ಇದೆ, ಸ್ವಲ್ಪ ಒಲೆ ಆರ್ಸಿ" ಎನ್ನುತ್ತಿದ್ದಳು. ಇಲ್ಲವೇ ಕರೆಂಟು ಹೋಗುತ್ತಿತ್ತು. ಕೈತಪ್ಪಿದ ರೆಕಾರ್ಡುಗಳಲ್ಲಿ ಅರ್ಧಕ್ಕೆ ಹಾಲು ಕಾರಣ, ಇನ್ನರ್ಧಕ್ಕೆ ವಿದ್ಯುತ್ ಇಲಾಖೆ.

ಯಾರಾದರೂ ನನ್ನನ್ನು ಸಂಗ್ರಾಹಕ ಎಂದರೆ ಸಿಟ್ಟು ಬರುತ್ತದೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಮೇಷ್ಟ್ರಿಗೆ ಅಂಥ ಶೋಕಿ ಎಲ್ಲಿಂದ ಬರಬೇಕು? ನನಗೆ ಬೇಕಿದ್ದದ್ದು ಒಂದೇ ಒಂದು ಹಾಡು. ಹಾಡೆಂದರೂ ಅದರಲ್ಲಿ ಮಾತಿರಲಿಲ್ಲ. ಹೆಸರು ಗೊತ್ತಿಲ್ಲ, ನುಡಿಸಿದವರು ಗೊತ್ತಿಲ್ಲ. ಏಳೆಂಟು ವರ್ಷದ ಹುಡುಗನಾಗಿದ್ದಾಗ ಗೋಡೆಯ ಆಚೆಯಿಂದ ಕೇಳಿದ್ದು. ಸಾಯುವುದರೊಳಗೆ ಇನ್ನೊಮ್ಮೆ ಕೇಳಬೇಕು ಅನ್ನುವ ಆಸೆ ಒಳಗೆ ಕೂತುಬಿಟ್ಟಿತ್ತು. ಅದಕ್ಕಾಗಿ ಉಳಿದದ್ದನ್ನೆಲ್ಲ ತರಿಸಿದೆ.

ಆಗ ನಾವು ರಾಜಾಜಿನಗರದ ಒಂದು ವಠಾರದಲ್ಲಿದ್ದೆವು. ನಮ್ಮ ಅಡುಗೆಮನೆಗೂ ಪಕ್ಕದವರ ಕೋಣೆಗೂ ನಡುವೆ ಒಂದೇ ಗೋಡೆ. ಆ ಕೋಣೆಯಲ್ಲಿ ಒಬ್ಬರೇ ಇದ್ದವರು ದಂಡು ಪ್ರದೇಶದ ಯಾವುದೋ ಹೋಟೆಲಿನ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದುತ್ತಿದ್ದರು. ಮಕ್ಕಳೆಲ್ಲ ಅವರನ್ನು ಊದೋ ಮಾಮ ಅನ್ನುತ್ತಿದ್ದೆವು. ಊರಿಗೆಲ್ಲ ಬೆಳಗಾಗುವಾಗ ಅವರು ಕೆಲಸ ಮುಗಿಸಿ ಮನೆಗೆ ಬರುತ್ತಿದ್ದರು. ಭಾನುವಾರ ಬೆಳಿಗ್ಗೆ ಮಾತ್ರ, ಬಂದವರೇ ಗ್ರಾಮಫೋನಿಗೆ ಒಂದು ಪ್ಲೇಟು, ಅಂದರೆ ರೆಕಾರ್ಡು, ಹಾಕುತ್ತಿದ್ದರು. ಪ್ರತಿ ಭಾನುವಾರ ಅದೇ ಪ್ಲೇಟು. ಅಪ್ಪನಿಗೆ ಕಾರ್ಖಾನೆಯಲ್ಲಿ ಭಾನುವಾರವೂ ಪಾಳಿ. ಅಮ್ಮ ಅಡುಗೆಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಳು, ನಾನು ಗೋಡೆಗೆ ಬೆನ್ನು ಕೊಟ್ಟು ಅವಳ ಮುಂದೆ ತಟ್ಟೆ ಹಿಡಿದು ಕೂತಿರುತ್ತಿದ್ದೆ.

ಮೊದಲು ದಪ್ಪ ತಂತಿಯೊಂದನ್ನು ಮೀಟುವ ಸದ್ದು ಬರುತ್ತಿತ್ತು, ಯಾವ ಅವಸರವೂ ಇಲ್ಲದವರು ನಡೆದು ಬಂದ ಹಾಗೆ. ಆಮೇಲೆ ಕ್ಲಾರಿಯೊನೆಟ್. ಸ್ವಲ್ಪ ದೂರ ಹೋದ ಮೇಲೆ ಅದು ನಾಲ್ಕು ಮೆಟ್ಟಿಲು ಹತ್ತಿ ಇಳಿಯುತ್ತಿತ್ತು. ಮತ್ತೆ ಅದೇ ನಾಲ್ಕು ಮೆಟ್ಟಿಲು ಹತ್ತಿ, ಮತ್ತೆ ಇಳಿಯುತ್ತಿತ್ತು. ಮೇಲೆ ಹೋಗಲು ಹೊರಟವರು ಏನನ್ನೋ ಮರೆತು ಪ್ರತಿ ಸಲವೂ ವಾಪಸು ಬಂದ ಹಾಗೆ. ಅದು ಹಾಗೆ ಸುತ್ತುತ್ತಿರುವಾಗ ನನಗೆ ರೊಟ್ಟಿ ನುಂಗಲು ಆಗುತ್ತಿರಲಿಲ್ಲ. ಯಾರೋ ದೂರದಲ್ಲಿ ನನ್ನನ್ನೇ ಕರೆಯುತ್ತಿದ್ದಾರೆ, ನಾನು ಹೋಗಲಾರೆ ಅನ್ನಿಸಿ ಅಳು ಬರುತ್ತಿತ್ತು. ಅಷ್ಟರಲ್ಲಿ ಅಮ್ಮ ಹಿಟ್ಟಿನ ಕೈಯನ್ನು ಮುಷ್ಟಿ ಕಟ್ಟಿ ಗೋಡೆಗೆ ಎರಡು ಗುದ್ದು ಗುದ್ದುತ್ತಿದ್ದಳು. ಆ ಕಡೆಯಿಂದ ಸ್ವಲ್ಪ ತಡೆದು ಒಂದು ಗುದ್ದು. ಅಲ್ಲಿಗೆ ಮೆಟ್ಟಿಲು ಹತ್ತುವುದು ನಿಂತು ಹಾಡು ಮುಂದೆ ಹೋಗುತ್ತಿತ್ತು. ಗೋಡೆಯ ಸುಣ್ಣದ ಮೇಲೆ ಅಮ್ಮನ ಹಿಟ್ಟಿನ ಗುರುತು ಅಲ್ಲೇ ಉಳಿದಿರುತ್ತಿತ್ತು.

ಸದ್ದು ಕಮ್ಮಿ ಮಾಡಿ ಎಂದು ಅಮ್ಮ ಗದರಿಸುತ್ತಾಳೆ, ಊದೋ ಮಾಮ ಆಯಿತು ತಾಯಿ ಎಂದು ಒಪ್ಪಿಕೊಳ್ಳುತ್ತಾರೆ ಎಂದು ನಾನು ತಿಳಿದುಕೊಂಡಿದ್ದೆ. ಅಮ್ಮನ ಮೇಲೆ ಕೋಪ ಬರುತ್ತಿತ್ತು. ಸರಿಯಾಗಿ ನನಗೆ ಬೇಕಾದ ಜಾಗದಲ್ಲೇ ಗುದ್ದಬೇಕೆ? ಒಂದು ದಿನ ಸ್ಕೂಲಿನಿಂದ ಬಂದಾಗ ಪಕ್ಕದ ಕೋಣೆಗೆ ಬೀಗ ಬಿದ್ದಿತ್ತು. ಹೋಟೆಲಿನಲ್ಲಿ ಬ್ಯಾಂಡು ನಿಲ್ಲಿಸಿದರಂತೆ, ಅವರು ಎಲ್ಲಿಗೋ ಹೊರಟುಹೋದರಂತೆ. ಆ ಪ್ಲೇಟನ್ನು ನಾನು ಕಣ್ಣಿಂದ ನೋಡಿದ್ದು ಒಂದೇ ಸಲ, ತೆರೆದ ಬಾಗಿಲಿನಿಂದ. ನಡುವೆ ಇಟ್ಟಿಗೆ ಬಣ್ಣದ ಚೀಟಿ ಇತ್ತು.

ಆ ಜಾತಿಯ ಸಂಗೀತಕ್ಕೆ ಜಾಝ್ ಅನ್ನುತ್ತಾರೆಂದು ಗೊತ್ತಾದದ್ದು ತಲೆಗೂದಲು ನೆರೆಯಲು ಶುರುವಾದ ಮೇಲೆ, ಸಹೋದ್ಯೋಗಿಯೊಬ್ಬರ ಮನೆಯ ಕ್ಯಾಸೆಟ್ಟಿನಿಂದ. ಅದು ನನ್ನ ಹಾಡಲ್ಲ, ಆದರೆ ಅದೇ ಮನೆತನದ್ದು. ಅಷ್ಟು ಹೊತ್ತಿಗೆ ವಿಜಯನಗರದಲ್ಲಿ ಬೀದಿಗೊಂದು ಬ್ರೌಸಿಂಗ್ ಸೆಂಟರ್ ಬಂದಿತ್ತು. ಕಾಲೇಜು ಮುಗಿಸಿ ಅಲ್ಲಿ ಕೂತು ಹುಡುಕಲು ಶುರು ಮಾಡಿದೆ. ಆಮೇಲೆ ಮನೆಗೇ ಇಂಟರ್ನೆಟ್ ಹಾಕಿಸಿದೆ. ಸುಲ್ತಾನ್‌ಪೇಟೆಯ ಗಲ್ಲಿಯಲ್ಲಿ ಹಳೆಯ ರೆಕಾರ್ಡ್ ಪ್ಲೇಯರನ್ನು ರಿಪೇರಿ ಮಾಡಿಸಿ, ಹೊಸ ಮುಳ್ಳು ಹಾಕಿಸಿ ತಂದೆ. ಹೆಂಡತಿ, "ಇದೊಂದು ಬಾಕಿ ಇತ್ತು" ಎಂದು ಅದಕ್ಕೊಂದು ಬಟ್ಟೆಯ ಹೊದಿಕೆ ಹೊಲಿದುಕೊಟ್ಟಳು.

ಹಳೆಯ ರೆಕಾರ್ಡಿನ ಹುಚ್ಚರೆಲ್ಲ ಸೇರುವ ಒಂದು ಚರ್ಚಾಕೂಟ ಇಂಟರ್ನೆಟ್ಟಿನಲ್ಲಿತ್ತು. ಅಲ್ಲಿ ನನ್ನ ಹಾಡನ್ನು ವರ್ಣಿಸಿ ಬರೆದೆ. ಕ್ಲಾರಿಯೊನೆಟ್ಟಿನವನು ಒಂದೇ ತುಣುಕನ್ನು ಒಂದಿಷ್ಟೂ ಬದಲಿಸದೆ ಎಷ್ಟೋ ಸಲ ನುಡಿಸುತ್ತಾನೆ, ಕೇಳುವವರ ಎದೆ ಒಡೆಯುವವರೆಗೆ ಬಿಡುವುದಿಲ್ಲ ಎಂದೆ. ದೊಡ್ಡ ದೊಡ್ಡ ಪಂಡಿತರು ಉತ್ತರ ಬರೆದರು. ಅಂಥ ಧೈರ್ಯ ಸಾಮಾನ್ಯರಿಗೆ ಬರುವುದಿಲ್ಲ, ಆತ ತನ್ನ ಕಾಲಕ್ಕಿಂತ ಮುಂದಿದ್ದವನು ಎಂದರು ಒಬ್ಬರು. ಇದು ಜಪಮಾಲೆ ಎಣಿಸುವವರ ಏಕಾಗ್ರತೆ ಎಂದರು ಇನ್ನೊಬ್ಬರು. ಅದನ್ನೆಲ್ಲ ಓದಿ ನನಗೆ ಹೆಮ್ಮೆಯೋ ಹೆಮ್ಮೆ. ರಾಜಾಜಿನಗರದ ವಠಾರದಲ್ಲಿ ರೊಟ್ಟಿ ತಿನ್ನುತ್ತಾ ನಾನು ಕೇಳಿದ್ದು ಎಂಥ ಮಹಾನುಭಾವನನ್ನು!

ಆ ಪಂಡಿತರು ಸೂಚಿಸಿದ್ದರಲ್ಲಿ ಮೊದಮೊದಲು ಬಂದ ರೆಕಾರ್ಡೊಂದರ ಚೀಟಿ ಇಟ್ಟಿಗೆ ಬಣ್ಣದ್ದೇ ಆಗಿತ್ತು. ಪುಟ್ಟ ಕಂಪನಿಯೊಂದು ಕೆಲವೇ ಪ್ರತಿ ಹೊರಡಿಸಿ ಬಾಗಿಲು ಹಾಕಿತ್ತಂತೆ. ಪೋಸ್ಟ್‌ಮ್ಯಾನ್, "ಏನ್ ಸಾರ್ ಇದು, ಕ್ಯಾರಂ ಬೋರ್ಡಾ?" ಎಂದು ಕೇಳಿ ರಟ್ಟಿನ ಚೌಕವನ್ನು ಕೈಗಿಟ್ಟ. ಹಾಕಿದೆ. ದಪ್ಪ ತಂತಿ ನಡೆದು ಬಂತು. ಕ್ಲಾರಿಯೊನೆಟ್ ಬಂತು. ಆ ಜಾಗ ಬಂತು. ನಾಲ್ಕು ಮೆಟ್ಟಿಲು ಹತ್ತಿ ಇಳಿದದ್ದು, ಅಷ್ಟೇ, ಮುಂದೆ ಹೋಗಿಬಿಟ್ಟಿತು. ಮುಳ್ಳು ತೆಗೆದು ಮತ್ತೆ ಮತ್ತೆ ಹಾಕಿದೆ. ಒಂದೇ ಸಲ ಹತ್ತಿತು, ಒಂದೇ ಸಲ ಇಳಿಯಿತು. ಕೈಗೆ ಸಿಕ್ಕಿದ್ದು ಜಾರಿತಲ್ಲ ಎಂದು ಊಟ ಸೇರಲಿಲ್ಲ.

ಜಾಝ್‌ನವರು ಒಂದೇ ಹಾಡನ್ನು ಎರಡು ಸಲ ಒಂದೇ ತರಹ ನುಡಿಸುವುದಿಲ್ಲ ಎಂದು ಓದಿದ್ದೆ. ಅಂದರೆ ಇದೇ ಜನ ಇನ್ನೊಂದು ದಿನ, ಇನ್ನೊಂದು ಊರಿನಲ್ಲಿ ಇದನ್ನೇ ನುಡಿಸಿರಬೇಕು, ಊದೋ ಮಾಮನ ಬಳಿ ಇದ್ದದ್ದು ಆ ಪ್ಲೇಟು ಎಂದು ಲೆಕ್ಕ ಹಾಕಿದೆ. ಅಲ್ಲಿಂದ ಮುಂದೆ ಆ ತಂಡದವರು ಎಲ್ಲೆಲ್ಲಿ ಊದಿದ್ದರೋ ಅದನ್ನೆಲ್ಲ ಹರಾಜಿನಲ್ಲಿ ಹಿಡಿದೆ. ಮಾರುವವರಿಗೆ ನಾನು ಕೇಳುತ್ತಿದ್ದ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಗೀರಿದೆಯೇ? ಎಲ್ಲಾದರೂ ಮುಳ್ಳು ಸಿಕ್ಕಿಕೊಳ್ಳುತ್ತದೆಯೇ? ಇದೆ ಎಂದರೆ ಅದರ ಸುದ್ದಿಗೆ ಹೋಗುತ್ತಿರಲಿಲ್ಲ. ಅಷ್ಟು ವರ್ಷ ಕಾದು, ಕೇಳುವುದು ಕೆಟ್ಟ ಪ್ರತಿಯನ್ನೇ?

ಅಮ್ಮ ನಮ್ಮ ಜೊತೆಯಲ್ಲೇ ಇದ್ದಳು. ಅವಳನ್ನು ಒಂದು ಮಾತು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ. ಆ ಹಾಡಿಗೆ ಗೋಡೆ ಗುದ್ದಿದವಳು ಅವಳು. ಅದರ ಮೇಲೆ ಅವಳ ಕಿವಿ ವರ್ಷದಿಂದ ವರ್ಷಕ್ಕೆ ಮಂದವಾಗುತ್ತಾ ಬಂದಿತ್ತು. ನಾನು ರೆಕಾರ್ಡ್ ಹಾಕಿದಾಗ ಅವಳು ಪಕ್ಕದಲ್ಲೇ ಕೂತು ವಿಭೂತಿ ಹಚ್ಚಿದ ಹಣೆ ತಗ್ಗಿಸಿ ಹೂ ಕಟ್ಟುತ್ತಿದ್ದರೂ ಅವಳಿಗೆ ಏನೂ ತಲುಪುತ್ತಿರಲಿಲ್ಲ. ಚಿಕ್ಕಂದಿನಲ್ಲಿ ನಂಬಿದ್ದನ್ನು ನಾವು ದೊಡ್ಡವರಾದ ಮೇಲೆ ಮತ್ತೆ ತೆಗೆದು ನೋಡುವುದಿಲ್ಲ. ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯ ಹಾಗೆ ಅದು ಇಟ್ಟಲ್ಲೇ ಇರುತ್ತದೆ.

ಕೊನೆಗೆ ನನಗೇ ಸಾಕಾಯಿತು. ಆ ತಂಡದವರು ನುಡಿಸಿದ್ದನ್ನೆಲ್ಲ ತರಿಸಿ ಮುಗಿಯಿತು, ನನ್ನ ಹಾಡು ಅದರಲ್ಲಿ ಇರಲಿಲ್ಲ. ಇಲ್ಲದ್ದನ್ನು ನೆನಪು ಮಾಡಿಕೊಂಡಿದ್ದೇನೆ, ಮಕ್ಕಳ ಬುದ್ಧಿ ಅಷ್ಟೇ ಅನ್ನಿಸಿ ಎಲ್ಲವನ್ನೂ ಮಾರಿಬಿಡಲು ನಿಶ್ಚಯಿಸಿದೆ. ಮೊದಲು ಆ ಇಟ್ಟಿಗೆ ಬಣ್ಣದ ಚೀಟಿಯದು, ಅಪರೂಪದ್ದಾದ್ದರಿಂದ ಬೇಗ ಹೋಗುತ್ತದೆ ಎಂದು. ಹರಾಜಿಗೆ ಇಡುವವರು ರೆಕಾರ್ಡಿನ ಸ್ಥಿತಿ ಬರೆಯಬೇಕು, ಅದಕ್ಕೆ ಪೂರ್ತಿ ಹಾಕಿ ಕೇಳಬೇಕು. ಒಂದು ಭಾನುವಾರ ಬೆಳಿಗ್ಗೆ ಹಾಕಿದೆ. ಅಮ್ಮ ನಡುಮನೆಯ ಗೋಡೆಗೆ ಒರಗಿ ಅವರೆಕಾಯಿ ಸುಲಿಯುತ್ತಿದ್ದಳು. ಅವಳನ್ನು ಪುಸಲಾಯಿಸಿ ಕಿವಿಗೆ ಮಷಿನ್ ಹಾಕಿಸಿ ಕೆಲವೇ ದಿನಗಳಾಗಿದ್ದವು. ಮಿಕ್ಸಿ ಸದ್ದು, ಹೊರಗಿನ ಆಟೋ ಸದ್ದು ಎಲ್ಲಕ್ಕೂ ಬೈಯುತ್ತಿದ್ದಳು.

ದಪ್ಪ ತಂತಿಯ ಸದ್ದು ಶುರುವಾಯಿತು. ಅವಳ ಕೈ ನಿಂತಿತು.

"ಇದು ಊದೋರ ಪ್ಲೇಟಲ್ವೇನೋ?" ಎಂದಳು.

"ಅಲ್ಲಮ್ಮ, ಅದರ ಥರದ್ದೇ ಇನ್ನೊಂದು."

"ಎಂಥ ಇನ್ನೊಂದು. ಇದೇ ಕಣೋ. ಇರು, ಈಗ ಸಿಕ್ಹಾಕ್ಕೊಳ್ಳುತ್ತೆ ನೋಡು."

ಅವಳ ಬಲಗೈ ತಾನಾಗಿ ಮುಷ್ಟಿ ಕಟ್ಟಿ ಹಿಂದಿನ ಗೋಡೆಯ ಕಡೆಗೆ ಎದ್ದಿತು. ಕ್ಲಾರಿಯೊನೆಟ್ ನಾಲ್ಕು ಮೆಟ್ಟಿಲು ಹತ್ತಿತು, ಇಳಿಯಿತು, ಮುಂದೆ ಹೋಯಿತು. ಮುಷ್ಟಿ ಗಾಳಿಯಲ್ಲೇ ಉಳಿಯಿತು.

"ಸಿಕ್ಹಾಕ್ಕೊಳ್ಳಲೇ ಇಲ್ವಲ್ಲೋ," ಎಂದು ನನ್ನ ಮುಖ ನೋಡಿದಳು.

ನನಗೆ ಏನೋ ಅರ್ಥವಾಗತೊಡಗಿತ್ತು, ಆದರೂ ಕೇಳಿದೆ. ಅವಳು ಅವರೆಕಾಯಿ ಬಿಡಿಸುತ್ತಲೇ ಹೇಳಿದಳು: "ಅವರ ಪ್ಲೇಟಲ್ಲಿ ಅಲ್ಲೊಂದು ಗೀರು ಬಿದ್ದಿತ್ತು. ಪ್ಲೇಟ್ ಹಾಕಿ ಮಲ್ಕೊಂಡ್‌ಬಿಡೋರು, ರಾತ್ರಿಯೆಲ್ಲ ಊದಿ ಬಂದಿರೋರು ಪಾಪ. ಅದು ಅಲ್ಲೇ ಸುತ್ತುತಾ ಇರೋದು. ನಾನು ಗೋಡೆ ಗುದ್ದಿದ್ರೆ ಎದ್ದು ಮುಳ್ಳು ಸರಿಸೋರು. ಎದ್ದೆ ಅಂತ ಹೇಳೋಕೆ ಅವರೊಂದು ಗುದ್ದು."

"ಸೌಂಡ್ ಕಮ್ಮಿ ಮಾಡಿ ಅಂತ ಗುದ್ತೀಯ ಅಂದ್ಕೊಂಡಿದ್ದೆ ನಾನು."

"ನಾನ್ಯಾಕೋ ಹಂಗಂತೀನಿ? ಮುಂದಿಂದು ಕೇಳ್ಬೇಕಲ್ಲ ನಂಗೆ."

ನಗು ಬಂತು. ತನ್ನ ಕಾಲಕ್ಕಿಂತ ಮುಂದಿದ್ದ ಆ ಮಹಾನುಭಾವ ಒಂದು ಗೀರು. ಅಷ್ಟು ವರ್ಷ ಗೀರಿಲ್ಲದ್ದೇ ಬೇಕೆಂದು ಲೋಕವನ್ನೆಲ್ಲ ಜಾಲಾಡಿದ ನನಗೆ ಬೇಕಿದ್ದದ್ದು ಆ ಗೀರೇ. ಆ ಗೋಡೆ ಈಗಿಲ್ಲ, ವಠಾರ ಕೆಡವಿ ಅಪಾರ್ಟ್‌ಮೆಂಟ್ ಎಬ್ಬಿಸಿ ಎಷ್ಟೋ ಕಾಲವಾಗಿದೆ.

"ಅವರ ಹತ್ರ ಮಾತಾಡ್ತಿದ್ಯಾ ಅಮ್ಮ?"

"ಎಂಥ ಮಾತು. ನಲ್ಲಿ ಹತ್ರ ಎದುರಿಗೆ ಸಿಕ್ಕಿದ್ರೆ ತಲೆ ತಗ್ಗಿಸ್ಕೊಂಡು ಹೋಗೋರು, ನಾನೂ ಅಷ್ಟೆ." ಬುಟ್ಟಿಯಿಂದ ಇನ್ನೊಂದು ಕಾಯಿ ತೆಗೆದಳು. "ವಠಾರ ಬಿಟ್ಟು ಹೋದ ದಿನ ಒಂದು ಗುದ್ದು ಗುದ್ದಿದ್ರು ಕಣೋ. ನಾನು ರೊಟ್ಟಿ ತಟ್ತಾ ಇದ್ದೆ. ಇದೇನು, ಪ್ಲೇಟೇ ಹಾಕಿಲ್ವಲ್ಲ, ಗೋಡೆ ಯಾಕೆ ಗುದ್ತಾರೆ ಅಂತ ಸುಮ್ನಾದೆ. ಆಮೇಲೆ ಬಾಗಿಲಿಗೆ ಬಂದು ನೋಡಿದ್ರೆ ಅವರ ಜಟಕಾ ತಿರುವು ದಾಟ್ತಾ ಇತ್ತು."

"ನೀನು ತಿರುಗಿ ಗುದ್ಲಿಲ್ವಾ?"

"ಆಗ ಗೊತ್ತಾಗ್ಬೇಕಲ್ಲ," ಎಂದು ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

ರೆಕಾರ್ಡನ್ನು ಹರಾಜಿಗೆ ಇಡಲಿಲ್ಲ. ಬೆಳಗಿನ ಹೊತ್ತು ಕಂಪ್ಯೂಟರಿನ ಮುಂದೆ ಕೂರುವುದೂ ಬಿಡಲಿಲ್ಲ, ಆದರೆ ಪ್ರಶ್ನೆ ಬದಲಾಯಿತು. ಅದೇ ರೆಕಾರ್ಡಿನ ಇನ್ನೊಂದು ಪ್ರತಿ ಎಲ್ಲಾದರೂ ಬಂದರೆ, ಮೊದಲ ಹಾಡಿನ ನಡುವೆ ಕ್ಲಾರಿಯೊನೆಟ್ ಏರಿಳಿಯುವಲ್ಲಿ ಮುಳ್ಳು ಸಿಕ್ಕಿಕೊಳ್ಳುತ್ತದೆಯೇ ಎಂದು ಬರೆದು ಕೇಳುತ್ತೇನೆ. ಇಲ್ಲವೇ ಇಲ್ಲ, ಹೊಚ್ಚ ಹೊಸದರ ಹಾಗಿದೆ ಎಂದು ಅವರು ಜಂಬದಿಂದ ಉತ್ತರಿಸುತ್ತಾರೆ. ನಾನು ಬೆಲೆ ಕೂಗುವುದಿಲ್ಲ. ಊದೋ ಮಾಮನ ಪ್ಲೇಟು ಅವರ ಜೊತೆ ಎಲ್ಲಿಗೆ ಹೋಯಿತೋ, ಯಾರ ಅಟ್ಟದಲ್ಲಿದೆಯೋ, ಇದೆಯೋ ಇಲ್ಲವೋ. ಒಂದು ದಿನ ಯಾರೋ ಒಬ್ಬರು, ಹೌದು, ಅಲ್ಲಿ ಸಿಕ್ಕಿಕೊಳ್ಳುತ್ತದೆ, ಕ್ಷಮಿಸಿ ಎಂದು ಬರೆಯುತ್ತಾರೆ ಎಂದು ಕಾಯುತ್ತೇನೆ.

ಭಾನುವಾರ ಬೆಳಿಗ್ಗೆ ಅಮ್ಮ ತಾನೇ ಕಿವಿಗೆ ಮಷಿನ್ ಹಾಕಿಕೊಂಡು, "ಆ ಪ್ಲೇಟು ಹಾಕೋ" ಎನ್ನುತ್ತಾಳೆ. ಆ ಜಾಗ ಬರುತ್ತದೆ, ಎಲ್ಲೂ ತಡೆಯದೆ ದಾಟುತ್ತದೆ. ಆದರೂ ಅಮ್ಮ ಗೋಡೆಗೆ ಎರಡು ಗುದ್ದು ಗುದ್ದುತ್ತಾಳೆ. ಆ ಗೋಡೆಯ ಆಚೆ ಯಾರ ಮನೆಯೂ ಇಲ್ಲ, ಪಕ್ಕದವರು ಸ್ಕೂಟರ್ ನಿಲ್ಲಿಸುವ ಜಾಗ. ಅದು ಅವಳಿಗೂ ಗೊತ್ತು. ಹಾಡು ತನ್ನ ಪಾಡಿಗೆ ಮುಂದೆ ಹೋಗುತ್ತಿರುತ್ತದೆ. ಗುದ್ದಿದ ಮೇಲೆ ಅವಳು ಸ್ವಲ್ಪ ಹೊತ್ತು ಮುಷ್ಟಿಯನ್ನು ಗೋಡೆಯ ಮೇಲೇ ಇಟ್ಟುಕೊಂಡಿರುತ್ತಾಳೆ.