ಲೀಸೆಲೋಟಳ ಪುರಾತನ ಕಿಟಕಿ

ಬ್ರೂಜ್ ಊರಿನಲ್ಲಿ ನೋಡಲೇಬೇಕಾದ ಸ್ಮಾರಕಗಳಲ್ಲಿ ಗಂಟೆಗೋಪುರವಿದೆ, ಕಾಲುವೆಯ ಮೇಲಿನ ಕಲ್ಲುಸೇತುವೆಗಳಿವೆ, ಆಮೇಲೆ ಲೀಸೆಲೋಟಳ ಮಲಗುವ ಕೋಣೆಯ ಕಿಟಕಿಯಿದೆ. ಮೊದಲಿನೆರಡಕ್ಕೆ ಒಂದು ಅನುಕೂಲ: ಅವುಗಳ ಪಕ್ಕದಲ್ಲಿ ಯಾರೂ ಎಂಟು ತಿಂಗಳ ಕೂಸನ್ನು ಮಲಗಿಸುವುದಿಲ್ಲ.

ಲೀಸೆಲೋಟ್ ಹುಟ್ಟಿ ಬೆಳೆದದ್ದು ಊರಾಚೆಯ ಹೊಸ ಬಡಾವಣೆಯಲ್ಲಿ, ಪ್ಲಾಸ್ಟಿಕ್ ಕಿಟಕಿಗಳ ನಡುವೆ. ಹಲ್ಲಿನ ಡಾಕ್ಟರ ಬಳಿ ಸಹಾಯಕಿಯಾಗಿದ್ದವಳು ವಾನ್ನೆಸ್‌ನನ್ನು ಮದುವೆಯಾಗಿ ಕಾಲುವೆ ದಂಡೆಯ ಈ ಮನೆಗೆ ಬಂದಾಗ ಗೆಳತಿಯರೆಲ್ಲ "ಚಿತ್ರದ ಪುಸ್ತಕದಲ್ಲಿ ಇರ್ತೀಯಲ್ಲೇ!" ಎಂದು ಹೊಟ್ಟೆ ಉರಿದುಕೊಂಡಿದ್ದರು. ಚಿತ್ರದ ಪುಸ್ತಕದಲ್ಲಿ ಗಾಳಿ ಬೀಸುವುದಿಲ್ಲ. ಇಲ್ಲಿ ಚಳಿಗಾಲದಲ್ಲಿ ಕಿಟಕಿ ಮುಚ್ಚಿದ್ದರೂ ಪರದೆ ಕುಣಿಯುತ್ತಿತ್ತು, ತೊಟ್ಟಿಲಲ್ಲಿ ಕೂಸು ಟ್ಯೂರ್ ಕೆಮ್ಮುತ್ತಿದ್ದ. ಒಂದೊಂದು ಕೆಮ್ಮಿಗೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಕೆಳಗೆ ದೋಣಿಯಲ್ಲಿ ಹೋಗುವವರು ತಲೆಯೆತ್ತಿ ಫೋಟೋ ಹೊಡೆಯುತ್ತಿದ್ದರು. ಅದರಲ್ಲಿ ಒಮ್ಮೊಮ್ಮೆ ಅವಳೂ ಬೀಳುತ್ತಿದ್ದಳು, ನಿದ್ದೆಗೆಟ್ಟ ಕಣ್ಣು, ಕೆದರಿದ ಕೂದಲು. ಅಪ್ಪಟ ಮಧ್ಯಯುಗ.

ದಪ್ಪ ಗಾಜಿನ ಹೊಸ ಕಿಟಕಿ ಹಾಕಿಸಲು, ಊರಿನ ಹಳೆಯ ಕಟ್ಟಡಗಳನ್ನು ಕಾಯುವ ಸ್ಮಾರಕ ಸಮಿತಿಯ ಒಪ್ಪಿಗೆ ಬೇಕು. ಬಾಗಿಲಿಗೆ ಬಣ್ಣ ಬಳಿಯಲೂ ಬೇಕು. ಸೀನಲು ಮಾತ್ರ ಇನ್ನೂ ಒಪ್ಪಿಗೆ ಬೇಕಿರಲಿಲ್ಲ. ಅವಳು ಕೇಳಿದಾಗಲೆಲ್ಲ 'ಆಗದು' ಎಂದೇ ಉತ್ತರ.

ಒಂದು ಭಾನುವಾರ ಕಾಫಿಗೆ ಬಂದ ವಾನ್ನೆಸ್‌ನ ಸೋದರತ್ತೆ ಆಲ್ಮಾ ಈ ಗೋಳು ಕೇಳಿ ನಕ್ಕುಬಿಟ್ಟಳು.

"ಪುರಾತನದ್ದಾ? ಯಾರೇ ಹೇಳಿದ್ದು? ಇದು ನಮ್ಮಪ್ಪ ಮಾಡಿದ್ದು ಕಣೇ! ಆಗ ಊರಿಗೆಲ್ಲ ಹಳೇದಾಗಿ ಕಾಣೋ ಹುಚ್ಚು. ನೆಟ್ಟಗಿದ್ದ ಕಿಟಕೀನ ಕಿತ್ತು ಇದನ್ನ ಕೂರಿಸಿದ್ರು."

"ಇಷ್ಟು ದಿನ ಬಾಯಿ ಬಿಡ್ಲಿಲ್ವಲ್ಲ ಅತ್ತೆ!"

"ಬಾಯಿ ಬಿಡೋಕೆ ಸಂದು ಎಲ್ಲಿ ಕೊಟ್ಟೆ? ಬಂದಾಗಿಂದ ನಿನ್ನ ಕೂಸಿನ ಕೆಮ್ಮಿನ ವರದಿನೇ ಮುಗೀತಿಲ್ಲ."

ಲೀಸೆಲೋಟಳಿಗೆ ಆನೆಬಲ ಬಂತು. ನಕಲಿಯನ್ನು ಕಾಪಾಡುವಷ್ಟು ಸಮಿತಿಗೇನು ತಲೆ ಕೆಟ್ಟಿದೆಯೇ? ಫೋನು ಮಾಡಿ ಕರೆಸಿದಳು. ಸಮಿತಿಯ ಹಿರಿಯ ವಾನ್ ಹೋರಬೇಕ್ ಕತ್ತಿಗೆ ಎರಡು ಸುತ್ತು ಉಣ್ಣೆಯ ಶಾಲು ಸುತ್ತಿಕೊಂಡು ಬಂದರು.

"ಸ್ವಾಮಿ, ಇದು ನಕಲಿ. ನಮ್ಮೆಜಮಾನರ ಅಜ್ಜ ಮಾಡಿದ್ದು."

ಅವರು ಚೌಕಟ್ಟನ್ನು ಸವರಿದರು. ಕಣ್ಣು ಒದ್ದೆಯಾಯಿತು.

"ನಕಲಿ! ಇಷ್ಟು ಚೆನ್ನಾಗಿ ಉಳಿದಿರೋ ನಕಲಿ! ಅಮ್ಮಾ, ಆ ಕಾಲದ ನಕಲಿಗಳು ಈಗ ಎಷ್ಟು ಅಪರೂಪ ಗೊತ್ತಾ? ಇನ್ನು ಇದನ್ನ ಮುಟ್ಟೋ ಮಾತೇ ಇಲ್ಲ."

ಅಸಲಿಯಾದರೆ ಮುಟ್ಟುವಂತಿಲ್ಲ, ನಕಲಿಯಾದರೆ ಸುತರಾಂ ಮುಟ್ಟುವಂತಿಲ್ಲ. ಅವಳಿಗೆ ಅಳು ಬಂತು. ಅಳುವ ಬದಲು ಕೇಳಿದಳು: "ಕಾಫಿ ಕುಡೀತೀರಾ?"

"ಆಗಲಿ."

ಆಗಲಿ ಎಂದ ಮೇಲೆ ಕಾಫಿ ಬರುವ ಮುಂಚೆ ಎದ್ದು ಹೋಗುವುದು ಅಲ್ಲಿ ಗಂಟೆಗೋಪುರ ಕೆಡವಿದಷ್ಟೇ ಮರ್ಯಾದೆಗೇಡು. ಲೀಸೆಲೋಟ್ ಕಿಟಕಿಯ ಬುಡಕ್ಕೆ ಕುರ್ಚಿ ಎಳೆದು, ಅವರ ಮಡಿಲಿಗೆ ಟ್ಯೂರ್‌ನನ್ನು ಹಾಕಿದಳು. "ಸ್ವಲ್ಪ ಹಿಡ್ಕೊಂಡಿರಿ. ಇಲ್ಲಿಂದ ನಿಮ್ಮ ನಕಲಿ ಚೆನ್ನಾಗಿ ಕಾಣತ್ತೆ."

ಆ ದಿನ ಕೆಳಗೆ ಅವಳ ಅಡುಗೆಮನೆಯಲ್ಲಿ ನೀರು ಕಾಯಲೇ ಇಲ್ಲ, ಬಿಸ್ಕತ್ತಿನ ಡಬ್ಬಿ ಸಿಗಲೇ ಇಲ್ಲ. ಮೇಲಿನಿಂದ ಕೆಮ್ಮು ಕೇಳಿದಾಗಲೆಲ್ಲ ಓಡಿಹೋಗದಂತೆ ಮೇಜನ್ನು ಬಿಗಿಯಾಗಿ ಹಿಡಿದು ನಿಂತಳು. ಕೊನೆಗೆ ಬೇರೊಂದು ಕೆಮ್ಮು ಕೇಳಿತು, ದಪ್ಪ ಗಂಟಲಿನದು. ಆಗ ಕಾಫಿ ಒಯ್ದಳು. ಶಾಲು ಟ್ಯೂರ್‌ನ ಮೈಮೇಲಿತ್ತು. ಹಿರಿಯರ ಮೂಗು ಕೆಂಪಾಗಿತ್ತು.

"ಅಮ್ಮಾ," ಎಂದರು ಅವರು ಬಟ್ಟಲನ್ನು ಎರಡೂ ಕೈಯಲ್ಲಿ ಅಪ್ಪಿ, "ಸಮಿತಿ ನೋಡೋದು ಹೊರಗಿಂದ ಕಾಣೋದನ್ನ. ಒಳಗಡೆ ನೀವು ಇನ್ನೊಂದು ಕಿಟಕಿ ಹಾಕ್ಕೊಂಡ್ರೆ ಬೇಡ ಅನ್ನೋರು ಯಾರು?"

"ಮೊದಲೇ ಹೇಳಬಾರ್ದಿತ್ತಾ ಸ್ವಾಮಿ?"

"ನೀವು ಕೇಳಿದ್ದು ತೆಗೆಯೋಕೆ. ಸೇರಿಸೋಕಲ್ಲವಲ್ಲ!"

ಒಳಕಿಟಕಿ ಕೂರಿಸಿದ ದಿನ ಪರದೆ ಅಲುಗಲಿಲ್ಲ. ಮಧ್ಯಾಹ್ನ ಟ್ಯೂರ್ ಒಮ್ಮೆಯೂ ಕೆಮ್ಮದೆ ನಿದ್ದೆಹೋದ. ಲೀಸೆಲೋಟ್ ಕೆಳಗೆ ಕುಳಿತು ಕಿವಿಗೊಟ್ಟಳು. ಸದ್ದೇ ಇಲ್ಲ. ಇಷ್ಟು ಹೊತ್ತಾದರೂ ಸದ್ದಿಲ್ಲವೆಂದರೇನು? ಮೆಟ್ಟಿಲು ಹಾರಿ ಓಡಿ, ಕೂಸಿನ ಮೂಗಿನ ಕೆಳಗೆ ತಣ್ಣನೆಯ ಬೆರಳಿಟ್ಟಳು. ಉಸಿರು ಬೆಚ್ಚಗಿತ್ತು. ಬೆಚ್ಚಿ ಎದ್ದ ಟ್ಯೂರ್ ಬಾಯಿ ತೆರೆದು ಅರಚತೊಡಗಿದ. ಅವಳಿಗೆ ಸಮಾಧಾನವಾಯಿತು.